ತಾಯಿಯ ಹೆಸರು ಬರೆಸ್ರಿ

ಕನ್ನಡಕದ ಒಳಗೆ ಒಂದು ಹನಿ ಇಳಿಯುತ್ತಿದೆ, ಹುಬ್ಬಿನಿಂದ ಹೊರಟು ಮೂಗಿನ ಪಕ್ಕಕ್ಕೆ, ಒರೆಸಿಕೊಳ್ಳುವಂತಿಲ್ಲ, ಎರಡೆರಡು ಗ್ಲೌಸ್ ಹಾಕಿದ ಈ ಕೈಯನ್ನು ಮುಖದ ಹತ್ತಿರ ತರುವಂತಿಲ್ಲ, ಇಳಿಯಲಿ, ತುಟಿಗೆ ಬಂದರೆ ಉಪ್ಪು, ಅಷ್ಟೇ — ಮುಂದಿನವರು ಬರ್ರಿ, ಮಾಸ್ಕ್ ಕೆಳಗ ಸರಸ್ರಿ, ತಲಿ ಹಿಂದಕ್ಕ ಮಾಡ್ರಿ, ಉಸಿರು ಹಿಡೀಬ್ಯಾಡ್ರಿ — ಕಡ್ಡಿ ಮೂಗಿನೊಳಗೆ ಹೋಗುತ್ತದೆ, ಆ ಮನುಷ್ಯನ ಕಣ್ಣಲ್ಲಿ ನೀರು ಬರುತ್ತದೆ, ಆಯ್ತರೀ, ಮುಗೀತು, ಅಲ್ಲಿ ಬೆಂಚಿನ ಮ್ಯಾಲ ಕುಂಡ್ರಿ, ಕಾರ್ಡಿನ ಮೇಲೆ ಹನಿ ಬಿಟ್ಟು ಹದಿನೈದು ನಿಮಿಷ, ಒಂದು ಗೆರೆ ಬಂದರೆ ಮನೆಗೆ, ಎರಡು ಬಂದರೆ ಆಂಬುಲೆನ್ಸು. ರಾಯಚೂರಿನ ಮೇ ತಿಂಗಳು, ಹನ್ನೊಂದು ಗಂಟೆಗೇ ಈ ಶಾಲೆಯ ಅಂಗಳ ಕಾದ ಹಂಚಾಗಿದೆ, ತಗಡಿನ ಕೆಳಗೆ ನಾನು ಈ ಬಿಳಿ ಪ್ಲಾಸ್ಟಿಕ್ಕಿನೊಳಗೆ ಬೇಯುತ್ತಿದ್ದೇನೆ, ಎದುರಿನ ತರಗತಿಯ ಕಿಟಕಿಯಲ್ಲಿ ಕರಿಹಲಗೆ ಕಾಣುತ್ತದೆ, ಅದರ ಮೇಲೆ ಹೋದ ವರ್ಷದ ಮಾರ್ಚ್ ತಿಂಗಳ ಒಂದು ತಾರೀಖು, ಒಟ್ಟು ಮಕ್ಕಳು ಮೂವತ್ನಾಲ್ಕು, ಹಾಜರು ಹನ್ನೊಂದು, ಯಾರೂ ಅಳಿಸಿಲ್ಲ. ನನ್ನ ಜಾಗ ಇದಲ್ಲ, ನನ್ನದು ಊರಿನ ಆ ತುದಿಯ ಆರೋಗ್ಯ ಕೇಂದ್ರ, ಮುಂಜಾನೆ ಏಳಕ್ಕೆ ನಮ್ಮ ಸೂಪರ್‌ವೈಸರ್ ಅಂಬರೀಶ ಸರ್ ಫೋನು — ಮೌನೇಶ್ವರಿ ಮೇಡಂ, ಇವತ್ತ ಈ ಕಡಿ ಕನ್ನಡ ಸಾಲಿಗೆ ಬರ್ರಿ, ಅಲ್ಲಿ ಇದ್ದ ಹುಡುಗಿಗೆ ಜ್ವರ ಬಂದಾವ, ಬರಾಕ ಆಗಲ್ಲ ಅನಬ್ಯಾಡ್ರಿ ಮತ್ತ. ಅನ್ನಲಿಲ್ಲ. ಹೇಗೆ ಅನ್ನಲಿ, ನಾವು ಎಂಟು ಜನ ಗುತ್ತಿಗೆಯವರು, ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದಕ್ಕೆ ಐದೇ ಜನ, ಶುಕ್ರವಾರ ಲಿಸ್ಟು ಹೋಗುತ್ತದೆ, ರಜೆ ಹಾಕಿದವರ ಹೆಸರನ್ನು ಏಜೆನ್ಸಿಯವರು ಮೊದಲು ತೆಗೆಯುತ್ತಾರೆ, ಇದನ್ನು ಅಂಬರೀಶ ಸರ್ ಬೆದರಿಸಲೆಂದು ಹೇಳಿದ್ದಲ್ಲ, ಪಾಪ, ಕಾಳಜಿಯಿಂದಲೇ ಹೇಳಿದ್ದು, ಅವರದೂ ಗುತ್ತಿಗೆಯೇ — ಮುಂದಿನವರು ಬರ್ರಿ.

ಒಂದು ಮನೆಯಲ್ಲಿ ಒಬ್ಬರಿಗಾದರೂ ತಿಂಗಳ ಸಂಬಳ ಇರಬೇಕಲ್ಲ, ಗಂಡ ಕಿರಣಕುಮಾರನ ಶಾಲೆ ಮುಚ್ಚಿ ವರ್ಷದ ಮೇಲಾಯಿತು, ಮಾನ್ವಿಯ ಖಾಸಗಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಮೊದಲು ಅರ್ಧ ಸಂಬಳ ಅಂದರು, ಆಮೇಲೆ ಶಾಲೆ ತೆರೆದ ಮೇಲೆ ನೋಡೋಣ ಅಂದರು, ಈಗ ಫೋನೇ ಎತ್ತುವುದಿಲ್ಲ, ಅವನು ದೇವದುರ್ಗದ ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತಿದ್ದಾನೆ, ಬಸ್ಸು ನಿಂತ ಮೇಲೆ ಬಂಕಿನ ಹಿಂದಿನ ಕೋಣೆಯಲ್ಲೇ ಮಲಗುತ್ತಾನೆ. ಮೊನ್ನೆ ಫೋನಿನಲ್ಲಿ ನಗುತ್ತಾ ಹೇಳಿದ, ಒಬ್ಬ ಹುಡುಗಿ ಅಪ್ಪನ ಗಾಡಿ ಹಿಂದ ಕುಂತು ಬಂದಿದ್ಲು, ಯಪ್ಪಾ ನಮ್ಮ ಸರ್ ಇದ್ದಂಗ ಅದಾರ ಅಂದ್ಲು, ನಾ ಮಾಸ್ಕ್ ಮ್ಯಾಲ ಎಳಕೊಂಡೆ ನೋಡು, ಈ ಮಾಸ್ಕಿಂದ ಇಷ್ಟಾದ್ರೂ ಉಪಕಾರ ಆತು — ನಗು ಅಲ್ಲಿಗೇ ನಿಂತಿತು, ಇಬ್ಬರೂ ನಿದ್ದೆಹೋದ ಮಗಳು ಗೌತಮಿ ಉಸಿರಾಡುವುದನ್ನು ಕೇಳುತ್ತಾ ಕೂತೆವು, ನಾನು ಇಲ್ಲಿಂದ ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದೆ. ಗೌತಮಿಗೆ ನಾಲ್ಕು ವರ್ಷ, ಅಂಗನವಾಡಿ ಮುಚ್ಚಿದೆ, ಎಲ್ಲಿ ಬಿಡಲಿ. ಮಾನ್ವಿಗೆ ಒಯ್ದಿದ್ದೆ, ಅತ್ತೆ ಬಾಗಿಲಲ್ಲೇ ನಿಂತರು, ನೀ ದಿನಾ ಅದನ್ನೇ ಮುಟ್ಟಾಕಿ, ಕೂಸಿನ್ನ ಹೆಂಗ ಇಟ್ಕೊಳ್ಳಲಿ ಹೇಳು, ನಿಮ್ಮ ಮಾವಗ ದಮ್ಮಿನ ರೋಗ ಅದ, ಹೇಳುತ್ತಲೇ ಅತ್ತರು, ಹೊಸ್ತಿಲ ಮೇಲೆ ತಾಟಿನಲ್ಲಿ ರೊಟ್ಟಿ ಪುಂಡಿಪಲ್ಯ ಇಟ್ಟು ಹಿಂದೆ ಸರಿದರು, ಗೌತಮಿ ಮೆಟ್ಟಿಲ ಮೇಲೆ ಕೂತು ತಿಂದಳು, ಒಳಗಿನಿಂದ ಅಜ್ಜ ಕೈ ಆಡಿಸಿದರೆ ಇವಳೂ ಆಡಿಸಿದಳು, ಆಟ ಅಂದುಕೊಂಡಳು. ವಾಪಸ್ಸು ಬಂದ ಸಂಜೆ ಪಕ್ಕದ ಮನೆಯ ಖಾಸಿಂ ಬೀ, ಚಿಕ್ಕಮ್ಮನ ಹಾಗೆ ನಾನು ಖಾಲಾ ಎಂದೇ ಕರೆಯುವವರು, ಹೊಲಿಗೆ ಮಷೀನಿನಿಂದ ತಲೆ ಎತ್ತದೆ ಅಂದರು, ಊರೂರು ತಿರಗತೀಯಲ್ಲ ಮೌನಿ, ನಾ ಸತ್ತೀನೇನು, ಒಬ್ಬಾಕಿ ಕುಂತಿರತೀನಿ, ಬಿಟ್ಟು ಹೋಗು, ನನಗೂ ಹೊತ್ತು ಹೋಗ್ತದ. ಗಂಡ ಇಲ್ಲ, ಮಕ್ಕಳಿಲ್ಲ, ಮದುವೆಗಳು ನಿಂತು ಹೊಲಿಯಲು ಜಂಪರೂ ಇಲ್ಲ, ಉಳಿದ ಬಟ್ಟೆಯಲ್ಲಿ ಗೌತಮಿಗೆ ಹಸಿರು ಮಾಸ್ಕ್ ಹೊಲಿದರು, ಜರಿ ಅಂಚಿನದು, ಗೌತಮಿ ಅವರನ್ನು ಅಜ್ಜಿ ಅನ್ನದೆ ನಾನಿ ಅನ್ನಲು ಕಲಿತಳು, ನನಗೆ ಎರಡು ತಿಂಗಳಿಂದ ಕೈಯಲ್ಲಿ ಕೆಲಸ, ಮನಸ್ಸಲ್ಲಿ ನೆಮ್ಮದಿ — ಸುಳ್ಳು, ಇವತ್ತು ಮುಂಜಾನೆ ಇರಲಿಲ್ಲ. ಇವತ್ತು ಮುಂಜಾನೆ ಖಾಲಾ ಹೊರಗೆ ಬರಲಿಲ್ಲ, ಪರದೆಯ ಹಿಂದಿನಿಂದಲೇ ಮಾತಾಡಿದರು, ಬಿಟ್ಟು ಹೋಗು ಬೇಟಿ, ರಾತ್ರಿ ನಿದ್ದಿ ಇಲ್ಲ, ಅದಕ್ಕ ಹಿಂಗ, ದನಿ ದಪ್ಪಗಿತ್ತು, ತುದಿಯಲ್ಲಿ ಒಡೆಯುತ್ತಿತ್ತು, ಇಡೀ ದಿನ ಅಂಥ ದನಿಗಳನ್ನೇ ಕೇಳುವವಳು ನಾನು, ನನಗೆ ಕೇಳಿಸಿತು, ಕೇಳಿಸಿಯೂ ಗೌತಮಿಯ ಕೈ ಬಿಟ್ಟೆ, ಪರದೆ ಅವಳನ್ನು ಒಳಗೆ ತೆಗೆದುಕೊಂಡಿತು, ನಿದ್ದೆ ಇರಲಿಕ್ಕಿಲ್ಲ ಅಂದುಕೊಂಡೆ, ಧೂಳಿರಬಹುದು ಅಂದುಕೊಂಡೆ, ಶುಕ್ರವಾರ ಕಳೆಯಲಿ ಅಂದುಕೊಂಡೆ, ಬೇಗ ಬೇಗ ನಡೆದೆ.

ಮುಂದಿನವರು ಬರ್ರಿ — ಕಪ್ಪು ಬುರ್ಖಾ, ಕಾಲಲ್ಲಿ ಹಳದಿ ದಾರದಿಂದ ಹೊಲಿದ ಚಪ್ಪಲಿ, ಆ ಹೊಲಿಗೆ, ಆ ದಾರವನ್ನು ಸೂಜಿಗೆ ಪೋಣಿಸಿಕೊಟ್ಟವಳು ನಾನೇ, ಅಯ್ಯೋ, ಕೈಯಲ್ಲಿ ಹಿಡಿದ ಇನ್ನೊಂದು ಕೈ, ಸಣ್ಣದು, ಹಸಿರು ಮಾಸ್ಕ್, ಜರಿ ಅಂಚು. ಎರಡು ಮಾಸ್ಕು, ಸಾಲಿನ ಗದ್ದಲ, ಕೂಗಿದ್ದು ನಾನೆಂದು ಅವರಿಗೆ ತಿಳಿಯಲಿಲ್ಲ. ಗೌತಮಿ ನನ್ನನ್ನು ನೋಡಿ ಖಾಲಾನ ಬುರ್ಖಾದ ಹಿಂದೆ ಸರಿದಳು, ನನ್ನ ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದಿದೆ, ಅವಳಿಗೆ ಇನ್ನೂ ಓದು ಬರುವುದಿಲ್ಲ, ಖಾಲಾಗೆ ಓದಲು ಬರುವುದು ಉರ್ದು ಅಷ್ಟೇ. ಎರಡು ಮಾರು ದೂರದ ಟೇಬಲ್ಲಿನಿಂದ ಅಂಬರೀಶ ಸರ್ ಕೇಳುತ್ತಿದ್ದಾರೆ, ಹೆಸರೇನಮ್ಮ, ಏನಾಗ್ಯಾದ, ಎಷ್ಟ ದಿನ ಆತು. ಖಾಸಿಂ ಬೀ ರೀ, ಮೂರು ದಿನ ಆತು, ಜ್ವರ, ವಾಸನಿ ಬರವಲ್ಲದು. ಮೂರು ದಿನ ಯಾಕ ಸುಮ್ನ ಕುಂತ್ರಿ? ಖಾಲಾ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು, ಹೆಂಗಸು ಅಂತ ಕಣ್ಣಿನಿಂದಲೋ ಏನೋ ತಿಳಿದಿರಬೇಕು, ಪಿಸುದನಿಯಲ್ಲಿ, ಸಿಸ್ಟರ್, ಲಗೂನ ಮಾಡಿ ಕಳಸ್ರಿ, ಈ ಕೂಸಿನ ತಾಯಿ ಬರೋದರಾಗ ಮನಿ ಸೇರಬೇಕು, ಆಕೀನೂ ನಿಮ್ಮಂಗ ಟೆಸ್ಟ್ ಮಾಡಾಕಿ, ಆ ಕಡಿ ದವಾಖಾನಿಯಾಗ ಇರತಾಳ, ಅದಕ್ಕ ನಾ ಆಟೋ ಹಿಡದು ಇಷ್ಟು ದೂರ ಬಂದೆ, ಆಕಿಗೆ ಗೊತ್ತಾದ್ರ ಕೂಸಿನ ಸಲುವಾಗಿ ಮನ್ಯಾಗ ಕುಂದರತಾಳ, ಕುಂತ್ರ ಕೆಲಸ ಹೋಗ್ತದ, ಗಂಡನ ಸಾಲಿ ಮೊದಲೇ ಮುಚ್ಚೇದ, ಇವತ್ತ ಬ್ಯಾಡ ಬೇಟಿ ಅನ್ನಾಕ ಬಾಯಿ ತೆಗದೆ, ಹೇಳಾಕ ಆಗಲಿಲ್ಲ. ನಾನು ತಲೆಯಾಡಿಸಿದೆ. ಖಾಲಾ ಎಂದು ನಾನು ಕೂಗಬೇಕಿತ್ತು, ಕೂಗಿದರೆ ಗೌತಮಿ ಓಡಿ ಬಂದು ಈ ಪ್ಲಾಸ್ಟಿಕ್ಕನ್ನು ತಬ್ಬಿಕೊಳ್ಳುತ್ತಾಳೆ, ಮುಂಜಾನೆಯಿಂದ ನೂರು ಜನ ಕೆಮ್ಮಿದ ಪ್ಲಾಸ್ಟಿಕ್ಕನ್ನು, ಅಂಬರೀಶ ಸರ್ ತಲೆ ಎತ್ತುತ್ತಾರೆ — ಎರಡರಲ್ಲಿ ಯಾವುದಕ್ಕೆ ಹೆದರಿ ಸುಮ್ಮನಿದ್ದೆ, ಈಗಲೂ ಹೇಳಲಾರೆ.

ಮೊದಲ ಕೂಸಿಂದು ಮಾಡ್ರಿ, ಖಾಲಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಹಿಂದಿನಿಂದ ತಲೆ ಹಿಡಿದರು, ಆಕಿ ಹೆದರಲ್ಲರೀ, ಶಾಣ್ಯಾ ಅದಾಳ. ಸಣ್ಣ ಕಡ್ಡಿ ಆರಿಸಿದೆ, ಈ ಮೂಗನ್ನು ಪ್ರತಿ ದಿನ ಸೆರಗಿನಿಂದ ಒರೆಸುತ್ತೇನೆ, ಬಲಗಡೆ ಸ್ವಲ್ಪ ಕಟ್ಟಿರುತ್ತದೆ ಅಂತ ಗೊತ್ತು, ಎಡಗಡೆ ಹಾಕಿದೆ, ಅವಳ ಕಣ್ಣು ನನ್ನ ಕನ್ನಡಕದ ಮಂಜನ್ನು ದಿಟ್ಟಿಸಿತು, ನಮ್ಮವ್ವಾನೂ ಕಡ್ಡಿ ಹಾಕ್ತಾಳ, ಆದ್ರ ನೋವಾಗಂಗ ಹಾಕಲ್ಲ ಅಂದಳು, ಖಾಲಾ ನಕ್ಕು ಕೆಮ್ಮಿದರು. ಆಮೇಲೆ ಖಾಲಾನದು, ಸುಡುವ ಹಣೆ ಗ್ಲೌಸಿನ ಎರಡು ಪದರ ದಾಟಿ ನನ್ನ ಬೆರಳಿಗೆ ತಿಳಿಯಿತು. ಎರಡು ಕಾರ್ಡು, ಎರಡು ಹನಿ, ಗೋಡೆ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ಅವರಿಬ್ಬರೂ ಬೆಂಚಿನ ಎರಡು ತುದಿಯಲ್ಲಿ, ಖಾಲಾ ಬುರ್ಖಾದ ಅಂಚನ್ನು ಬಾಯಿಗೆ ಒತ್ತಿ ಆ ಕಡೆ ತಿರುಗಿ ಕೂತಿದ್ದಾರೆ, ಗೌತಮಿ ಕಾಲು ಆಡಿಸುತ್ತಾ ಗೇಟಿನ ಕಡೆ ನೋಡುತ್ತಿದ್ದಾಳೆ, ಯಾರಾದರೂ ಗೇಟು ನೂಕಿದರೆ ಕಾಲು ಆಡಿಸುವುದು ನಿಲ್ಲುತ್ತದೆ, ಅವ್ವ ಅಲ್ಲ ಅಂತ ಗೊತ್ತಾದರೆ ಮತ್ತೆ ಆಡುತ್ತದೆ. ಮುಂದಿನವರು ಅಂತ ಕೈಯಲ್ಲೇ ಕರೆಯುತ್ತಿದ್ದೇನೆ, ದನಿ ಹೊರಡಿಸುತ್ತಿಲ್ಲ, ಇಬ್ಬರಿಗೂ ಒಂದೇ ಗೆರೆ ಬಂದರೆ ಯಾರಿಗೂ ಹೇಳುವುದೇ ಬೇಡ, ಸಂಜೆ ಏನೂ ಗೊತ್ತಿಲ್ಲದವಳಂತೆ ಹೋಗಿ ಖಾಲಾಗೆ ಮಾತ್ರೆ ಕೊಡುತ್ತೇನೆ, ಶುಕ್ರವಾರದವರೆಗೆ ಗೌತಮಿಯನ್ನು — ಎಲ್ಲಿ, ಯಾರ ಹತ್ತಿರ, ಇರಲಿ, ಆಮೇಲೆ — ಹನ್ನೊಂದು ಇಪ್ಪತ್ತೆಂಟಕ್ಕೇ ಖಾಲಾನ ಕಾರ್ಡಿನಲ್ಲಿ ಎರಡನೆಯ ಗೆರೆ, ಕೆಂಪಗೆ, ಸ್ಪಷ್ಟವಾಗಿ. ಗೌತಮಿಯದರಲ್ಲಿ ಒಂದೇ. ಮೂವತ್ತೈದರವರೆಗೆ ನೋಡಿದೆ, ವಾರೆ ಮಾಡಿ ನೋಡಿದೆ, ಒಂದೇ.

ಅಂಬರೀಶ ಸರ್ ಆಂಬುಲೆನ್ಸಿಗೆ ಫೋನು ಮಾಡಿದರು, ಖಾಲಾನ ಬೆರಳಿಗೆ ಆಕ್ಸಿಜನ್ ಕ್ಲಿಪ್ ಸಿಕ್ಕಿಸಿ ನೋಡಿ ರಿಜಿಸ್ಟರು ತೆರೆದರು, ಖಾಸಿಂ ಬೀ, ನೀವು ಕೋವಿಡ್ ಸೆಂಟರಿಗೆ ಹೋಗಬೇಕಾಗ್ತದ, ಹೆದರಬ್ಯಾಡ್ರಿ, ಆಕ್ಸಿಜನ್ ಚಲೋ ಅದ, ಕೂಸಿಗೆ ಈಗ ಏನೂ ಇಲ್ಲ, ಆದ್ರ ಕೂಸು ಯಾರ ಕೈಯಾಗ ಕೊಡೋದು, ತಾಯಿ ಹೆಸರು ಬರೆಸ್ರಿ, ತಾಯಿ ಎಲ್ಲಿ ಕೆಲಸ ಮಾಡ್ತಾಳ, ಆಕೀನೂ ಹದಿನಾಕು ದಿನ ಮನ್ಯಾಗ ಇರಬೇಕು. ಖಾಲಾ ಎದ್ದು ನಿಂತರು, ಬೆಂಚಿನ ಬೆನ್ನು ಹಿಡಿದುಕೊಂಡು, ನನಗೆ ಕೇಳಿಸುವಷ್ಟು ಸ್ಪಷ್ಟವಾಗಿ, ತಾಯಿ ಇಲ್ಲರೀ. ಇಲ್ಲ ಅಂದ್ರ? ಇಲ್ಲರೀ, ನನ್ನ ಮೊಮ್ಮಗಳು, ನನಗ ಆಕಿ, ಆಕಿಗೆ ನಾ, ಮತ್ಯಾರ ಹೆಸರೂ ಬರೀಬ್ಯಾಡ್ರಿ, ನನ್ನ ಜೋಡಿ ಕರಕೊಂಡು ಹೋಗತೀನಿ. ಹೆಸರೇನು ಕೂಸಿಂದು? ಗೌತಮಿ ರೀ. ಅಂಬರೀಶ ಸರ್ ಖಾಲಾನನ್ನು ನೋಡಿದರು, ಗೌತಮಿಯನ್ನು ನೋಡಿದರು, ಏನೋ ಕೇಳಲು ಹೋದವರು ತಲೆ ಎತ್ತಿ ಸಾಲಿನ ಕಡೆ ನೋಡಿದರು, ಬಿಸಿಲು, ಸಾಲಿನಲ್ಲಿ ಇನ್ನೂ ನಲವತ್ತು ಜನ, ಪೆನ್ನು ಕಾಗದಕ್ಕೆ ತಾಗಿತು. ತಾಯಿ ಇಲ್ಲ ಅಂತ ಬರೆಯುತ್ತಾರೆ. ಬರೆದರೆ ನನ್ನ ಕೆಲಸ ಉಳಿಯುತ್ತದೆ, ಗೌತಮಿ ಎರಡು ಗೆರೆಯವರ ಹಾಸಿಗೆಗಳ ನಡುವೆ ಮಲಗುತ್ತಾಳೆ, ಜ್ವರದ ಮೈಯಲ್ಲಿ ಈ ಮುದುಕಿ ಅವಳಿಗೆ ನೀರು ಕುಡಿಸುತ್ತಾಳೆ, ನನ್ನ ಸಲುವಾಗಿ, ಮೂರು ದಿನದಿಂದ ನನ್ನ ಸಲುವಾಗಿ ಸುಡುತ್ತಾ ಪರದೆಯ ಹಿಂದೆ ನಿಂತವಳು, ಮುಂಜಾನೆ ನಾನು ಕೇಳಿಸಿಯೂ ಕೇಳಿಸದಂತೆ ನಡೆದೆ, ಇನ್ನು ಎಷ್ಟು ಸಲ ಕೇಳಿಸದಂತೆ — ತಾಯಿ ಹೆಸರು ಬರೀರಿ ಸರ್, ಮೌನೇಶ್ವರಿ. ನನ್ನ ದನಿಯೇ, ಎರಡು ಮಾಸ್ಕಿನೊಳಗಿಂದ ಹೊರಗೆ ಬಿತ್ತು. ಯಾವ ಮೌನೇಶ್ವರಿ? ನಾನರೀ, ನನ್ನ ಮಗಳು. ಖಾಲಾ ಬೆಂಚಿನ ಮೇಲೆ ಕುಸಿದು ಕೂತರು, ಯಾ ಅಲ್ಲಾ, ಮೌನಿ, ನೀನೇನ, ಯಾಕ ಹೇಳಿದಿ ಬೇ, ನಾ ಎಲ್ಲಾ ಸರಿ ಮಾಡಿದ್ನಲ್ಲ. ಅಂಬರೀಶ ಸರ್ ಪೆನ್ನು ಕೆಳಗಿಟ್ಟರು, ಮೇಡಂ, ಲಿಸ್ಟ್ ಶುಕ್ರವಾರ ಹೋಗ್ತದ, ಗೊತ್ತದಲ್ಲ. ಗೊತ್ತದರೀ. ಹದಿನಾಕು ದಿನ ಅಂತ ಬರದ್ರ ನಿಮ್ಮ ಹೆಸರು ಇರಂಗಿಲ್ಲ, ನಾ ಹೇಳಿದ್ರೂ ಅವರು ಇಡಂಗಿಲ್ಲ. ಬರೀರಿ ಸರ್. ಅವರು ಬರೆದರು, ಬರೆಯುವಾಗ ನನ್ನ ಮುಖ ನೋಡಲಿಲ್ಲ, ಬರೆದು ಎದ್ದು ತಮ್ಮ ಕುರ್ಚಿಯನ್ನೇ ಒಯ್ದು ನೆರಳಿಗೆ ಹಾಕಿ, ಬಾರವ್ವ, ಇಲ್ಲಿ ಕುಂಡ್ರು, ನಿಮ್ಮವ್ವ ಈಗ ಬರ್ತಾಳ ಅಂದರು. ಆದರೆ ಗೌತಮಿ ಕೂರಲಿಲ್ಲ. ನನ್ನ ದನಿ ಕೇಳಿದೊಡನೆ ಎದ್ದು ನಿಂತಿದ್ದಳು, ಅವ್ವಾ ಅಂದಳು, ಗೇಟಿನ ಕಡೆ ನೋಡಿ. ಗೇಟಿನಲ್ಲಿ ಯಾರೂ ಇರಲಿಲ್ಲ. ನಾ ಇಲ್ಲಿ ಅದೀನಿ ಗೌತಮಿ, ಇಲ್ಲಿ, ಅಲ್ಲೇ ನಿಂದ್ರು, ಹತ್ರ ಬರಬ್ಯಾಡ, ಇದನ್ನ ಬಿಚ್ಚಿ ತೊಳಕೊಂಡು ಬರತೀನಿ. ಅವಳು ಹಸಿರು ಮಾಸ್ಕನ್ನು ಕೆಳಗೆ ಎಳೆದು ಕಿವಿಗೊಟ್ಟಳು, ತರಗತಿಯ ಬಾಗಿಲು ನೋಡಿದಳು, ಸಾಲಿನಲ್ಲಿ ನಿಂತ ಹೆಂಗಸರ ಮುಖ ಒಂದೊಂದಾಗಿ ನೋಡಿದಳು, ನಾಲ್ಕು ಹೆಜ್ಜೆ ದೂರದಲ್ಲಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಕೈ ಎತ್ತಿ ನಿಂತ ನನ್ನ ಮೇಲೆ ಅವಳ ಕಣ್ಣು ಬಂತು, ದಾಟಿ ಹೋಯಿತು. ಗೌತಮಿ. ಮತ್ತೆ ಕರೆದೆ, ಈ ಸಲ ನಕ್ಕಳು, ದನಿಯನ್ನು ಗುರುತು ಹಿಡಿದು, ಖುಷಿಯಿಂದ, ನಕ್ಕು ಮತ್ತೆ ತಿರುಗಿದಳು, ಗೇಟಿನ ಕಡೆ, ಗೇಟಿನ ಕಡೆಯೇ ನೋಡುತ್ತಾ ನಿಂತಿದ್ದಾಳೆ —