ಸ್ವಂತ ರಾಗ

ಮಂಡಲೆಯ ಹಾಡುಗಾರರಲ್ಲಿ ಎರಡು ಜಾತಿ. ಪರದೇಶದ ರಾಗವನ್ನು ಇಡಿಯಾಗಿ ಎತ್ತಿಕೊಂಡು ಬರ್ಮೀ ಮಾತು ತುಂಬುವವರು ಒಂದು, ರಾಗವನ್ನೂ ತಾವೇ ಕಟ್ಟುವವರು ಇನ್ನೊಂದು. ಮೊದಲನೆಯವರದೇ ದೊಡ್ಡ ಗುಂಪು. ಅವರು ರಾಜಾರೋಷವಾಗಿ 'ಕಾಪಿ ಹಾಡು' ಎಂದೇ ಹೇಳಿಕೊಳ್ಳುತ್ತಾರೆ, ಯಾರೂ ಕಳ್ಳರೆನ್ನುವುದಿಲ್ಲ. ನ್ವೇ ನ್ವೇಯ ಅಪ್ಪ ಟಿನ್ ಶ್ವೇ ಮಾತ್ರ ಎರಡನೆಯ ಜಾತಿಯವನು. ಅವನು ಕಟ್ಟಿದ್ದರಲ್ಲಿ ಹೆಸರು ಮಾಡಿದ್ದು ಒಂದೇ ಹಾಡು, 'ನಿನ್ನ ಛತ್ರಿ ನನ್ನ ಹತ್ರ'. ಆದರೆ ಅದು ಸ್ವಂತ ರಾಗ. "ನಾನು ಎಂಜಲು ಮುಟ್ಟಿದವನಲ್ಲ" ಎಂದು ಅವನು ಟೀ ಅಂಗಡಿಯಲ್ಲಿ ಶುರು ಮಾಡಿದರೆ ಪಕ್ಕದ ಮೇಜಿನ ಕಾಪಿ ಕವಿಗಳು ಕಪ್ಪು ಖಾಲಿಯಾಗುವ ಮೊದಲೇ ಜಾಗ ಖಾಲಿ ಮಾಡುತ್ತಿದ್ದರು.

ಆ ಹಾಡನ್ನು ಅವನು ಕಟ್ಟಿದ್ದು ನ್ವೇಯ ಅಮ್ಮನಿಗಾಗಿ, ಮದುವೆಗೆ ಮುಂಚೆ. ಅಮ್ಮ ಈಗಿಲ್ಲ. ಮಗಳು ಬೆಳೆದು ರಾಕ್ ಬ್ಯಾಂಡ್ ಕಟ್ಟಿ, ಅದಕ್ಕೆ 'ಕರೆಂಟು ಬಂತು' ಎಂದು ಹೆಸರಿಟ್ಟು, ಅಪ್ಪನ ಹಾಡನ್ನೇ ಇನ್ನಷ್ಟು ಗದ್ದಲ ಸೇರಿಸಿ ಹಾಡಿ ಹೆಸರಾದಳು. ಗಿಟಾರಿಗೆ ಅಪ್ಪನೇ. ಎಲ್ಲಿ ಹೋದರೂ ಅವಳು ಹಾಡಿಗೆ ಮುಂಚೆ ಒಂದು ಮಾತು ಹೇಳಿಯೇ ತೀರಬೇಕು: ಇದು ಕಾಪಿಯಲ್ಲ, ನಮ್ಮಪ್ಪನದು. ಹಾಗೆ ಹೇಳುವಾಗ ಅವಳ ಎದೆ ಉಬ್ಬುತ್ತಿತ್ತು. ಬ್ಯಾಂಡಿನ ಮಾನವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು ಎಂದರೂ ಸರಿಯೇ.

ಪರದೇಶದ ಮೊದಲ ಕರೆ ಬಂದದ್ದು ಥಾಯ್‌ಲ್ಯಾಂಡಿನ ಚಿಯಾಂಗ್ ಮಾಯ್‌ನಿಂದ. ಗಿಟಾರು, ಡ್ರಮ್ಮು ಹೊತ್ತುಕೊಂಡು ಗಡಿಯ ಸೇತುವೆಯನ್ನು ನಡೆದೇ ದಾಟಿದರು. ಹುಡುಗರು ನಡುಸೇತುವೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಅಪ್ಪ ತಲೆ ತಗ್ಗಿಸಿಕೊಂಡು ಸರಸರ ನಡೆದುಬಿಟ್ಟ. ಆಮೇಲೆ ಬಸ್ಸಿನಲ್ಲೂ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೆ. ಮರುದಿನ ಸಂಜೆ ವೇದಿಕೆಯ ಹಿಂದೆ ತಂತಿ ಬಿಗಿ ಮಾಡುತ್ತಾ ಬಾಯಿ ಬಿಟ್ಟ.

"ನ್ವೇ, ಇವತ್ತು ಛತ್ರಿ ಬೇಡಮ್ಮ."

"ಯಾಕಪ್ಪ?"

"ಇಲ್ಲಿಯೋರಿಗೆ ನಮ್ಮ ಭಾಷೆ ಬರಲ್ಲ. ಸುಮ್ನೆ ಯಾಕೆ?"

ಡ್ರಮ್ಮಿನ ಝೇಯಾ ನಕ್ಕ. "ಮೇಷ್ಟ್ರೇ, ಮಿಕ್ಕಿದ ಹಾಡೆಲ್ಲ ಅವರ ಭಾಷೇಲಿದ್ಯಾ?"

"ನೀನು ಡ್ರಮ್ ಬಡಿ, ನನ್ನ ತಲೆ ಬಡೀಬೇಡ."

"ಅಪ್ಪ, ಕಟ್ಟಡ ಕೆಲಸದ ನಮ್ಮೂರ ಹುಡುಗರು ಎಷ್ಟು ಜನ ಬಂದಿದ್ದಾರೆ ನೋಡಿದ್ಯಾ? ಛತ್ರಿ ಹಾಡದಿದ್ರೆ ಚಪ್ಪಲಿ ಬೀಳುತ್ತೆ. ಹೆದರ್ಕೋಬೇಡ, ನಾನಿದೀನಲ್ಲ" ಎಂದಳು ನ್ವೇ. ಪರದೇಶವೆಂದು ಮುದುಕನ ಜೀವ ಅಳುಕುತ್ತಿದೆ ಎಂದೇ ಅವಳ ಎಣಿಕೆ.

ಮೈದಾನದ ಎಡಕ್ಕೆ ಬರ್ಮೀ ಕೂಲಿ ಹುಡುಗರು, ಬಲಕ್ಕೆ ಊರಿನ ಥಾಯ್ ಜನ, ಅವರ ಹಿಂದೆ ಹಂದಿಮಾಂಸ ಸುಡುವ ಗಾಡಿಗಳು. ನಾಲ್ಕು ಹಾಡು ಚೆನ್ನಾಗಿಯೇ ಹೋದವು. ಐದನೆಯದಕ್ಕೆ ನ್ವೇ ಮೈಕು ಹಿಡಿದು ಎಂದಿನ ಮಾತು ಹೇಳಿದಳು. ಕಾರ್ಯಕ್ರಮ ಏರ್ಪಡಿಸಿದ್ದ ಪ್ಲೋಯ್ ಎಂಬ ಹುಡುಗಿ ಅದನ್ನು ಥಾಯ್‌ಗೆ ತಿರುಗಿಸಿದಳು. ಅಪ್ಪ ಗಿಟಾರಿನ ಮೇಲೆ ಬಗ್ಗಿಕೊಂಡ.

ಮೊದಲ ಸಾಲಿಗೆ ಎಡಗಡೆ ಕೇಕೆ ಎದ್ದಿತು. ಎರಡನೆಯ ಸಾಲಿಗೆ ಬಲಗಡೆಯೂ ದನಿಗೂಡಿಸಿತು! ಅದೇ ರಾಗ, ಮಾತು ಮಾತ್ರ ಥಾಯ್. ನ್ವೇಗೆ ಮೈ ಜುಮ್ಮೆಂದಿತು. ಅಪ್ಪನ ಹಾಡು ನಮಗಿಂತ ಮೊದಲೇ ಗಡಿ ದಾಟಿ ಬಂದಿದೆಯಲ್ಲ ಎಂದು ಹಿಗ್ಗಿ ಹಿಂದೆ ತಿರುಗಿ ನೋಡಿದಳು. ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಗಾಡಿಯ ಹಿಂದೆ ಹಲ್ಲಿಲ್ಲದ ಅಜ್ಜಿಯೊಬ್ಬಳು ಕಣ್ಣು ಮುಚ್ಚಿಕೊಂಡು, ಚಿಕ್ಕಂದಿನಲ್ಲಿ ಕಲಿತದ್ದನ್ನು ಹಾಡುವವಳಂತೆ, ಒಂದು ಮಾತೂ ತಪ್ಪದೆ ಹಾಡುತ್ತಿದ್ದಳು.

ಎರಡನೆಯ ಚರಣ ಮುಗಿದ ಮೇಲೆ ಅಪ್ಪನ ಹಾಡಿನಲ್ಲಿ ಒಂದು ಖಾಲಿ ಜಾಗವಿದೆ. ಅಲ್ಲಿ ಡ್ರಮ್ ಬಿಟ್ಟರೆ ಇನ್ನೇನಿಲ್ಲ. ಥಾಯ್ ಜನಕ್ಕೆ ಅದು ಖಾಲಿಯಾಗಿರಲಿಲ್ಲ. 'ಲಾ ಲಾ' ಎಂದು ಏರಿ ಇಳಿಯುವ ತುಣುಕೊಂದನ್ನು ಮೈದಾನವೇ ಹಾಡಿತು. ಅಪ್ಪನ ಬೆರಳುಗಳು ಅವನನ್ನು ಕೇಳದೆಯೇ ಅದನ್ನು ಒಂದು ಸ್ವರ ಬಿಡದಂತೆ ನುಡಿಸಿಬಿಟ್ಟವು.

ಅಪ್ಪನ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲದ ತುಣುಕು ಅದು. ಆದರೂ ನ್ವೇಗೆ ಗೊತ್ತಿತ್ತು. ರೇಡಿಯೋದಲ್ಲಿ ಛತ್ರಿ ಬಂದಾಗ, ಸರಿಯಾಗಿ ಆ ಜಾಗದಲ್ಲಿ, ಅಕ್ಕಿ ತೊಳೆಯುತ್ತಾ ಅಮ್ಮ ಗುನುಗುತ್ತಿದ್ದದ್ದು ಅದೇ. ಅಮ್ಮ ಹುಟ್ಟಿದ್ದು ಗಡಿಯ ಸೇತುವೆಯ ಪಕ್ಕದ ಓಣಿಯಲ್ಲಿ. ಅಲ್ಲಿನ ಮನೆಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಥಾಯ್ ರೇಡಿಯೋ.

ಹಾಡು ಹೇಗೆ ಮುಗಿಸಿದಳೋ ಅವಳಿಗೇ ತಿಳಿಯಲಿಲ್ಲ. ಚಪ್ಪಾಳೆ ಮಾತ್ರ ಎರಡೂ ಕಡೆಯಿಂದ ಜೋರಾಗಿ ಬಂತು. ವೇದಿಕೆ ಇಳಿಯುತ್ತಿದ್ದಂತೆ ಪ್ಲೋಯ್ ಓಡಿಬಂದು ಕೈ ಹಿಡಿದುಕೊಂಡಳು. "ಅಕ್ಕಾ, ನಮ್ಮ ಹಾಡು ಎಷ್ಟು ಚೆನ್ನಾಗಿ ಹಾಡಿದ್ರಿ! ನಮ್ಮಜ್ಜ ಲಾರಿ ಓಡಿಸ್ತಾ ಇದನ್ನೇ ಹಾಡ್ತಿದ್ದ." ಅವಳಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನ್ವೇ ಎರಡು ಮಾತು ಅಂದು ಹಗುರಾಗುತ್ತಿದ್ದಳು.

ಅಪ್ಪ ವೇದಿಕೆಯ ಹಿಂದೆ ವೈರು ಸುತ್ತುತ್ತಿದ್ದ. ತಲೆಯೆತ್ತಲಿಲ್ಲ.

"ಬೈದುಬಿಡು" ಎಂದ.

"ಅಷ್ಟು ಜನದ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲಪ್ಪ! ಕಾಪಿ ಅಂತ ಹೇಳಿದ್ರೆ ಯಾರು ಏನಂತಿದ್ರು?"

"ಯಾರೂ ಏನೂ ಅಂತಿರಲಿಲ್ಲ. ಅಲ್ಲಿ ಗಡೀಲಿ ಒಂದು ಮದುವೆಗೆ ಬಾರಿಸೋಕೆ ಹೋಗಿದ್ದೆ. ನದಿ ಆಚೆ ನಿಂತಿದ್ದ ಲಾರಿಯಿಂದ ಈ ರಾಗ ಬಂತು. ಮಾತು ಹೊಸೆದೆ, ಗುರುತು ಸಿಗದಿರಲಿ ಅಂತ ಆ ತುಣುಕು ಕಿತ್ತುಹಾಕಿ ನಿಮ್ಮಮ್ಮನ ಮುಂದೆ ಹಾಡಿದೆ. 'ರಾಗಾನೂ ನೀನೇ ಕಟ್ಟಿದ್ದಾ?' ಅಂತ ಕೇಳಿದ್ಲು. ಹೂಂ ಅಂದ್ಬಿಟ್ಟೆ. ಮದುವೆಯಾಗಿ ಮಂಡಲೆಗೆ ಬಂದ್ಮೇಲೆ ಅವಳು ನಮ್ಮ ಓಣಿಗೆಲ್ಲ ಹೇಳ್ಕೊಂಡು ಬಂದ್ಲು. ಆಮೇಲೆ ಆ ಹೂಂ ಇಳಿಸೋಕೆ ಜಾಗವೇ ಸಿಗ್ಲಿಲ್ಲ ಕಣೇ." ವೈರಿನ ಸುರುಳಿಯನ್ನು ನೆಲಕ್ಕಿಟ್ಟ. "ಗೊತ್ತಾಗದೇನೇ ಅವಳು ತೀರಿಕೊಂಡ್ಲಲ್ಲ, ಅದೊಂದು ಸಮಾಧಾನ."

ನ್ವೇ ಕುದಿಯುತ್ತಿದ್ದಳು. ಆ ಸಮಾಧಾನವನ್ನೂ ಕಿತ್ತುಕೊಳ್ಳಬೇಕು ಅನ್ನಿಸಿತು, ಕಿತ್ತುಕೊಂಡೂಬಿಟ್ಟಳು.

"ನೀನು ಕಿತ್ತುಹಾಕಿದ ತುಣುಕು ಅಮ್ಮ ದಿನಾ ಗುನುಗ್ತಿದ್ಲು. ಅದೇ ಜಾಗದಲ್ಲಿ, ಒಂದು ಸ್ವರ ಆಚೀಚೆ ಇಲ್ಲದೆ. ನೀನು ಮನೇಲಿ ಇಲ್ಲದಾಗ."

ಅಪ್ಪ ಅವಳ ಮುಖವನ್ನೇ ನೋಡಿದ.

"ಅಂದ್ರೆ... ಗೊತ್ತಿದ್ದೇ ಕೇಳಿದ್ಲಾ ಅವತ್ತು?"

"ಗೊತ್ತಿದ್ದೇ ಕೇಳಿದ್ದು. ನೀನು ಹೂಂ ಅಂದೆ. ಆದ್ರೂ ನಿನ್ನನ್ನೇ ಮದುವೆಯಾದ್ಲು."

ಅಪ್ಪ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ನ್ವೇಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಹೋಗಿ ಅವನ ಪಕ್ಕದಲ್ಲಿ ಕೂತಳು.