ಪಡಸಾಲೆಯ ಖಡಿ ರಸ್ತೆ

ಮೊಳಕಾಲಿನ ಆಪರೇಶನ್ ಆದ ಮೇಲೆ ಡಾಕ್ಟರು ದುರಗಪ್ಪನಿಗೆ ಎರಡು ಮಾತು ಹೇಳಿದರು. ಇನ್ನು ಮೇಲೆ ಲಾರಿ ಹತ್ತಬಾರದು, ಮತ್ತು ದಿನಾ ಅರ್ಧ ತಾಸು ಸೈಕಲ್ ತುಳಿಯಬೇಕು. ಮೊದಲನೆಯ ಮಾತು ಕೇಳಿ ಅವನು ಒಂದು ಹೊತ್ತು ಊಟ ಬಿಟ್ಟ. ಎರಡನೆಯದಕ್ಕೆ ಹೆಂಡತಿ ಶೇವಂತೆವ್ವನ ಮುಂದೆ ಕೂತು ಬಹಳ ಹೊತ್ತು ನಕ್ಕ. ಹುಬ್ಬಳ್ಳಿಯಿಂದ ಅಂಕೋಲೆಗೆ ಲೋಡು ಹೊಡೆಯುತ್ತ ಅರಬೈಲು ಘಟ್ಟವನ್ನು ಅರ್ಧ ಆಯುಷ್ಯ ಇಳಿದು ಹತ್ತಿದವನು, ಗಬ್ಬೂರ ಬೈಪಾಸಿನಲ್ಲಿ ಸೈಕಲ್ ಹೊಡೆದುಕೊಂಡು ಹೊರಟರೆ ಧಾಬಾದವರು ಏನಂದುಕೊಂಡಾರು?

ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅಳಿಯ ಶಶಿಕಾಂತ ಇದಕ್ಕೊಂದು ಉಪಾಯ ತೆಗೆದ. ಎಷ್ಟು ತುಳಿದರೂ ನಿಂತಲ್ಲೇ ನಿಲ್ಲುವ ಸೈಕಲ್ಲೊಂದನ್ನು ತಂದು ಪಡಸಾಲೆಯಲ್ಲಿ ಟಿವಿಯ ಎದುರಿಗೆ ಇಟ್ಟ. ಎರಡಕ್ಕೂ ಏನೋ ಸಂಬಂಧ ಕಲ್ಪಿಸಿ, ಪೆಡಲ್ ತಿರುಗಿದರೆ ಟಿವಿಯಲ್ಲಿ ರಸ್ತೆ ಓಡುವಂತೆ ಮಾಡಿದ. ಪರದೇಶದ ಹಿಮದ ಗುಡ್ಡಗಳ ನಡುವೆ ಒಂದು ಕಣಿವೆ. ಎರಡೂ ಬದಿಗೆ ಆಕಾಶಕ್ಕೆ ಹತ್ತಿದ ಕಾಡು, ಕೆಳಗೆ ಹಸಿರು ಬಣ್ಣದ ನದಿ, ನದಿಯ ದಂಡೆಗುಂಟ ಖಡಿ ಹಾಸಿದ ರಸ್ತೆ. ಡಾಂಬರು ಕಾಣದ ಇಂಥ ರಸ್ತೆಗಳ ಮೇಲೆ ಓಡಿಸಲಿಕ್ಕೆಂದೇ ಅಲ್ಲಿಯ ಜನ ಬೇರೆ ಸೈಕಲ್ ಇಟ್ಟುಕೊಂಡಿರುತ್ತಾರೆ, ಕೆಲಸಕ್ಕೆ ರಜೆ ಹಾಕಿ ಬರುತ್ತಾರೆ ಎಂದು ಶಶಿಕಾಂತ ತಿಳಿಸಿ ಹೇಳಿದ. ಶೇವಂತೆವ್ವನಿಗೆ ತನ್ನ ತವರು ಶಿರಗುಪ್ಪಿಯ ಹೊಲದ ದಾರಿ ನೆನಪಾಯಿತು. ಆ ಜನಕ್ಕೆ ಯಾರಾದರೂ ಅದರ ಸುದ್ದಿ ಮುಟ್ಟಿಸಿದರೆ ಮನೆ ಮಾರಿಕೊಂಡು ಅಲ್ಲಿಗೇ ಬಂದಾರು ಅನಿಸಿತು.

ಮೊದಲ ದಿನ ದುರಗಪ್ಪ ಅರ್ಧ ತಾಸು ತುಳಿದ. ಟಿವಿಯೊಳಗಿನ ಹೆಣ್ಣುದನಿ ಶಾಭಾಸ್ ಹೇಳಿ ಇವತ್ತಿಗೆ ಸಾಕು ಅಂದಿತು. ಇವನು ಇಳಿಯಲಿಲ್ಲ. ಗಾಡಿ ಘಟ್ಟದ ಚಡಾವು ಹತ್ತುತ್ತಿದೆ, ಇಲ್ಲಿ ಬಿಟ್ಟು ಇಳಿಯಲು ಬರುವುದಿಲ್ಲ ಎಂದು ಹೇಳಿ, ಮೇಲೆ ಒಂದು ಆಣೆಕಟ್ಟು ಬರುವ ತನಕ ತುಳಿದ. ಮರುದಿನ ಹೊಸ ತಕರಾರು ತೆಗೆದ. ತನಗೆ ಎಡಗಡೆ ಏನೂ ಕಾಣುತ್ತಿಲ್ಲ, ಎಡಕ್ಕೆ ನದಿಯ ಪ್ರಪಾತ ಇದೆ, ಕ್ಲೀನರ್ ಇಲ್ಲದೆ ಈ ರೂಟಿನಲ್ಲಿ ಗಾಡಿ ಓಡಿಸುವುದು ಜೀವದ ಜೊತೆ ಆಟ ಎಂದ.

ಹೀಗಾಗಿ ಹುಸೇನಬಾಷಾ ಬಂದ. ಅವನು ದುರಗಪ್ಪನ ಲಾರಿಯಲ್ಲಿ ವರ್ಷಗಟ್ಟಲೆ ಕ್ಲೀನರ್ ಆಗಿದ್ದವನು. ಈಗ ಬೈಪಾಸಿನ ಬದಿಗೆ ಅವನದೊಂದು ಪಂಕ್ಚರ್ ಅಂಗಡಿ ಇತ್ತು. ಅದನ್ನು ಮಕ್ಕಳು ನೋಡಿಕೊಳ್ಳುತ್ತಿದ್ದುದರಿಂದ ಅವನಿಗೂ ಹೊತ್ತು ಹೋಗುತ್ತಿರಲಿಲ್ಲ. ಮುಂಜಾನೆ ಬಂದವನೇ ಒದ್ದೆ ಪೇಪರಿನಿಂದ ಟಿವಿಯ ಗಾಜು ಒರೆಸುತ್ತಿದ್ದ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ. ಆಮೇಲೆ ಹೆಗಲ ಮೇಲೆ ಒಂದು ಅರಿವೆ ಹಾಕಿಕೊಂಡು ಟಿವಿಯ ಎಡಬದಿಗೆ ನಿಂತು, "ಲೆಫ್ಟ್ ಐತಿ ಉಸ್ತಾದ, ಬರ್ಲಿ, ಬರ್ಲಿ" ಎಂದು ಗೋಡೆ ಬಡಿಯುತ್ತಿದ್ದ. ಒಂದು ರಬ್ಬರ್ ಹಾರ್ನೂ ಎಲ್ಲಿಂದಲೋ ತಂದು ಕೂಡಿಸಿದ.

ಶೇವಂತೆವ್ವ ಇದನ್ನು ವಯಸ್ಸಾದವರ ಆಟ ಎಂದೇ ತಿಳಿದಿದ್ದಳು. ಒಂದು ದಿನ ಚಹಾ ತೆಗೆದುಕೊಂಡು ಹೋಗಿ ಮುಂದೆ ಹಿಡಿದಾಗ ದುರಗಪ್ಪ ಗಾಬರಿಯಾಗಿ ಬ್ರೇಕ್ ಒತ್ತಿದ.

"ಶೇವಂತಿ, ನೀ ಇಲ್ಲಿಗೆ ಹೆಂಗ ಬಂದಿ?"

"ಅಡಿಗಿಮನ್ಯಾಗಿಂದ ಬಂದೆರಿ."

ಅವನು ಸಿಟ್ಟಾಗಲಿಲ್ಲ, ಸಮಾಧಾನದಿಂದಲೇ ತಿಳಿಸಿ ಹೇಳಿದ. ತಾನು ರೂಟಿನ ಮೇಲಿರುವಾಗ ಮನೆ ಬಹಳ ದೂರ ಇರುತ್ತದೆ, ಹೆಂಡತಿ ಹೀಗೆ ಘಟ್ಟದ ನಡುವೆ ಚಹಾದ ಕಪ್ಪು ಹಿಡಿದು ಎದುರು ಬಂದರೆ ಎಂಥ ಡ್ರೈವರನಿಗೂ ಸ್ಟೇರಿಂಗ್ ತಪ್ಪುತ್ತದೆ, ಏನಿದ್ದರೂ ಫೋನ್ ಮಾಡಬೇಕು. ಅಂದಿನಿಂದ ಅವಳು ಅಡಿಗೆಮನೆಯಲ್ಲಿ ನಿಂತು ಫೋನ್ ಮಾಡತೊಡಗಿದಳು. ಗಂಡನ ದನಿ ಮೊದಲು ಗೋಡೆಯಾಚೆಯಿಂದ ಬರುತ್ತಿತ್ತು, ಆಮೇಲೆ ಫೋನಿನಿಂದ. ಒಮ್ಮೊಮ್ಮೆ ಇಲ್ಲಿ ಅಡವಿ ಇದೆ, ಸಿಗ್ನಲ್ ಇಲ್ಲ ಎಂದು ಅವನು ಕಟ್ ಮಾಡುತ್ತಿದ್ದ.

ದಿನ ಹೋದಂತೆ ಅವಳಿಗೂ ರೂಢಿಯಾಯಿತು. ಬೆಳಿಗ್ಗೆ ರೊಟ್ಟಿ ಕಟ್ಟಿ ಹುಸೇನಬಾಷಾನ ಕೈಗೆ ಕೊಟ್ಟರೆ ಮುಗಿಯಿತು, ಸಂಜೆಯ ತನಕ ಗಂಡ ಊರಲ್ಲಿಲ್ಲ. ಒಂದು ಸಲ ಬೀಗರ ಪೈಕಿ ಒಬ್ಬರು ಲಗ್ನಪತ್ರಿಕೆ ಕೊಡಲು ಬಂದರು. ಇವರು ಗಾಡಿ ಮೇಲೆ ಹೋಗ್ಯಾರ ಎಂದು ಅವಳು ಹೇಳಿದಳು. ತೆರೆದ ಬಾಗಿಲಲ್ಲಿ ದುರಗಪ್ಪನ ಬೆನ್ನು ಕಾಣುತ್ತಿತ್ತು, ಹಾರ್ನ್ ಕೇಳುತ್ತಿತ್ತು. ಬೀಗರು ಆ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿ, ಯಾವ ಕಡೆ ಹೋಗಿದ್ದಾರೆ ಎಂದು ಕೇಳಿದರು. ಘಟ್ಟದ ಕಡೆ ಎಂದಳು. ಹಾಗಾದರೆ ಬರುವುದು ತಡವಾದೀತು ಎಂದು ಪತ್ರಿಕೆ ಅವಳ ಕೈಗೇ ಕೊಟ್ಟು ಹೊರಟುಹೋದರು.

ಆದರೂ ಒಂದು ವಿಷಯ ಅವಳ ಮನಸ್ಸನ್ನು ಚುಚ್ಚುತ್ತಿತ್ತು. ಮದುವೆಯಾದ ಹೊಸತರಲ್ಲಿ, ಅಂಕೋಲೆಯ ಸಮುದ್ರ ಒಮ್ಮೆ ನೋಡಬೇಕು, ಲಾರಿಯಲ್ಲಿ ಕರೆದುಕೊಂಡು ಹೋಗ್ರಿ ಎಂದು ಕೇಳಿದ್ದಳು. ಕ್ಯಾಬಿನ್ನಿನಲ್ಲಿ ಹೆಂಗಸರನ್ನು ಕೂಡಿಸಿದರೆ ಆರ್‌ಟಿಓದವರು ಹಿಡಿಯುತ್ತಾರೆ ಎಂದು ಅವನು ಹೇಳಿದ. ಮುಂದೆ ಬೇರೆ ಡ್ರೈವರರ ಹೆಂಡಂದಿರು ಕ್ಯಾಬಿನ್ನಿನಲ್ಲಿ ಕೂತು ಶೇಂಗಾ ತಿನ್ನುತ್ತ ಹೋಗುವುದನ್ನು ಅವಳು ಕಣ್ಣಾರೆ ಕಂಡಳು. ಮತ್ತೆ ಕೇಳಲಿಲ್ಲ. ಈಗ ತನ್ನದೇ ಮನೆಯ ಪಡಸಾಲೆಯಿಂದಲೇ ಅವನು ದಿನಾ ಅವಳನ್ನು ಬಿಟ್ಟು ಹೋಗುತ್ತಿದ್ದ.

ಶ್ರಾವಣದ ಒಂದು ಬುಧವಾರ ಬೆಳಗಿನ ಚಹಾದ ಹೊತ್ತಿಗೆ ಹಾರ್ನು ಬಿಡದೆ ಕೂಗತೊಡಗಿತು. ಫೋನ್ ಮಾಡಿದರೆ ಎತ್ತಲಿಲ್ಲ. ಶೇವಂತೆವ್ವ ಬಾಗಿಲಿಗೆ ಬಂದು ನೋಡಿದಳು. ಕಾಡಿನ ತಿರುವಿನಲ್ಲಿ, ರಸ್ತೆಗೆ ಅಡ್ಡಲಾಗಿ ಒಂದು ಕಂದು ಆಕಳು ನಿಂತಿತ್ತು. ಕೊರಳಲ್ಲಿ ಬುಟ್ಟಿಯಷ್ಟು ದೊಡ್ಡ ಗಂಟೆ. ಆಕಳು ಅಲ್ಲಾಡಲಿಲ್ಲ, ಗಂಟೆ ಅಲ್ಲಾಡಲಿಲ್ಲ, ಕಾಡಿನ ಎಲೆಯೂ ಅಲ್ಲಾಡಲಿಲ್ಲ. ಹುಸೇನಬಾಷಾ ಕನ್ನಡದಲ್ಲಿ ಹೈ ಅಂದ, ಉರ್ದುವಿನಲ್ಲಿ ಹಟ್ ಅಂದ, ಹೆಗಲ ಮೇಲಿನ ಅರಿವೆಯಿಂದ ಟಿವಿಯ ಗಾಜಿಗೆ ಮೆಲ್ಲಗೆ ಬೀಸಿದ. ಪರದೇಶದ ದನಕ್ಕೆ ಯಾವ ಭಾಷೆ ತಿಳಿಯುತ್ತದೋ ಎಂದು ಕೈಚೆಲ್ಲಿದ.

ಅವಳು ಶಶಿಕಾಂತನಿಗೆ ಫೋನ್ ಹಚ್ಚಿದಳು. ಓಣಿಗೆಲ್ಲ ನೆಟ್ ಹೋಗಿರಬೇಕು, ಬಂದ್ ಮಾಡಿ ಮತ್ತೆ ಶುರು ಮಾಡಿದರೆ ರಸ್ತೆ ಮೊದಲಿನಿಂದ, ಕೆಳಗಿನ ಊರಿನಿಂದ ಚಾಲೂ ಆಗುತ್ತದೆ ಎಂದು ಅವನು ಹೇಳಿದ. ದುರಗಪ್ಪ ಒಪ್ಪಲಿಲ್ಲ.

"ಗಾಡಿ ನಡುದಾರ್ಯಾಗ ಬಿಟ್ಟು ನಾ ಇವತ್ತಿನ ತನಕಾ ಮನಿಗೆ ಬಂದಿಲ್ಲ. ಈಗೂ ಬರಂಗಿಲ್ಲ."

ಮಧ್ಯಾಹ್ನವಾಯಿತು. ಅವನು ಸೀಟಿನ ಮೇಲೇ ರೊಟ್ಟಿ ತಿಂದ. ಹಿಂದಿನಿಂದ ಬರುವ ಗಾಡಿಗಳಿಗೆ ಗೊತ್ತಾಗಲೆಂದು ಹುಸೇನಬಾಷಾ ಅಂಗಳದ ಬೇವಿನ ಮರದಿಂದ ಟೊಂಗೆ ಮುರಿದು ತಂದು ಸೈಕಲ್ಲಿನ ಹಿಂದೆ ಹಾಕಿದ. ಅದರ ಸುತ್ತ ಕಲ್ಲು ಜೋಡಿಸಿದ. ಅವನ ಹೆಂಡತಿ ಇಮಾಮಬಿ ಊಟಕ್ಕೆ ಕರೆಯಲು ಬಂದಳು. ಗಾಡಿ ಬ್ರೇಕ್‌ಡೌನ್ ಆದಾಗ ಕ್ಲೀನರ್ ಬಿಟ್ಟು ಬರುವಂತಿಲ್ಲ ಎಂದು ಅವನು ಬಾಗಿಲಲ್ಲೇ ಹೇಳಿ ಕಳಿಸಿದ. ಇಮಾಮಬಿ ಶೇವಂತೆವ್ವನ ಮುಖ ನೋಡಿದಳು. ಶೇವಂತೆವ್ವ ಬೇವಿನ ಟೊಂಗೆ ನೋಡಿದಳು.

ಸಂಜೆಯಾಯಿತು. ದೇವರ ಜಗಲಿ ಪಡಸಾಲೆಯ ಆಚೆಗಿತ್ತು. ದೀಪ ಹಚ್ಚಬೇಕಾದರೆ ಆ ರಸ್ತೆ ದಾಟಲೇಬೇಕು. ಎಣ್ಣೆಯ ಗಿಂಡಿ ಹಿಡಿದು ಹೊರಟವಳು ಕಲ್ಲೊಂದನ್ನು ಎಡವಿದಳು. ಎಣ್ಣೆ ಚೆಲ್ಲಿತು. ಹೆಬ್ಬೆರಳಿನ ನೋವು ತಡೆದುಕೊಳ್ಳುತ್ತ ಅಲ್ಲೇ ಕೂತಳು. ಕೂತವಳ ಕಣ್ಣು ನೆಟ್ಟಗೆ ಆಕಳ ಕಣ್ಣಿನ ಮೇಲೆ ಬಿತ್ತು. ಆಮೇಲೆ ಟಿವಿಯ ಕೆಳಮೂಲೆಗೆ ಹೋಯಿತು. ಅಲ್ಲಿ ಹುಲ್ಲಿನ ನಡುವೆ ಎರಡು ಪುಟ್ಟ ಕಿವಿಗಳು ಕಂಡವು.

"ಇದು ಹಟಕ್ಕ ನಿಂತಿಲ್ಲರಿ. ಇದರ ಕರಾ ಈ ಕಡಿ ಐತಿ. ಕರಾ ಬಿಟ್ಟು ಅದು ಹೆಂಗ ಹೋದೀತು? ಗಾಡಿ ಹಿಂದ ತಗೊಳ್ರಿ."

ಈ ಗಾಡಿಗೆ ರಿವರ್ಸ್ ಗೇರ್ ಇಲ್ಲ ಎಂದು ದುರಗಪ್ಪ ಹೇಳಿದ. ಹಿಂದಕ್ಕೆ ತುಳೀರಿ ಎಂದಳು ಅವಳು. ವೈನಿ ಹೇಳುವುದರಲ್ಲಿ ಅರ್ಥ ಇದೆ ಎಂದು ಹುಸೇನಬಾಷಾ ಮೆಲ್ಲಗೆ ಸೇರಿಸಿದ. ದುರಗಪ್ಪ ಪ್ರಯತ್ನ ಮಾಡಿದ. ಬೆಳಗಿನಿಂದ ಕೂತು ಬಿಗಿದಿದ್ದ ಮೊಳಕಾಲು ಒಳಗೇ ಕಟ್ ಅಂದಿತು, ಅವನ ಮುಖ ಕಿವುಚಿತು.

"ಇಳೀರಿ," ಎಂದಳು ಶೇವಂತೆವ್ವ.

"ಗಾಡಿ ಬಿಟ್ಟು?"

"ಬಿಟ್ಟಲ್ಲ. ನನ್ನ ಕೈಗೆ ಕೊಟ್ಟು."

ಅವನು ತನ್ನ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಜ್ವರ ಬಂದಾಗ ಸಹ ಹುಸೇನಬಾಷಾನಿಗೆ ಬರೀ ಹಾರ್ನು ಬಾರಿಸಲು ಕೊಡುತ್ತಿದ್ದ. ಈಗ ಅವನು ಹುಸೇನಬಾಷಾನ ಕಡೆ ನೋಡಿದ. ಹುಸೇನಬಾಷಾ ತಲೆಯೆತ್ತಿ ಫ್ಯಾನು ನೋಡುತ್ತ ನಿಂತ. ಕೊನೆಗೆ ದುರಗಪ್ಪ ಗೋಡೆ ಹಿಡಿದುಕೊಂಡು ಇಳಿದ.

ಶೇವಂತೆವ್ವ ಸೆರಗು ಬಿಗಿದು, ನೆರಿಗೆ ಎತ್ತಿ ಸಿಕ್ಕಿಸಿ ಸೀಟಿನ ಮೇಲೆ ಕೂತಳು. ಹಿಂದಕ್ಕೆ ತುಳಿಯತೊಡಗಿದಳು. ಹುಸೇನಬಾಷಾ ಟೊಂಗೆ, ಕಲ್ಲು ಬದಿಗೆ ಸರಿಸಿ ಸೈಕಲ್ಲಿನ ಹಿಂದೆ ನಿಂತು, ಬರ್ಲಿ, ಬರ್ಲಿ, ಹೋಲ್ಡ್ ಎಂದು ಕೂಗಿದ. ಆಗ ಚಿತ್ರ ಒಮ್ಮೆ ನಡುಗಿತು. ಆಕಳು ಕಿವಿ ಝಾಡಿಸಿತು. ಹುಲ್ಲಿನಿಂದ ಕರು ಎದ್ದು ಬಂದು ತಾಯಿಯ ಹೊಟ್ಟೆಗೆ ಮುಖ ಒತ್ತಿತು. ಎರಡೂ ರಸ್ತೆ ದಾಟಿ ಕಾಡಿನೊಳಗೆ ಹೋದವು. ಓಣಿಗೆ ನೆಟ್ ಬಂತೆಂದು ಪಕ್ಕದ ಮನೆಯ ಹುಡುಗರು ಕೂಗುತ್ತಿದ್ದರು. ಈ ಮನೆಯಲ್ಲಿ ಯಾರೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಗಾಡಿ ಕೊಡು ಎಂಬಂತೆ ದುರಗಪ್ಪ ಕೈ ಚಾಚಿದ. ಅವಳು ಮುಂದಕ್ಕೆ ತುಳಿದಳು. ಎಂಜಿನ್ನಿನ ಸಪ್ಪಳ ತಿಳಿಯಬೇಕೆಂದು ಅವನು ಎರಡನೆಯ ದಿನದಿಂದಲೇ ಟಿವಿಯ ದನಿಯನ್ನು ಮುಚ್ಚಿ ಇಟ್ಟಿದ್ದ. ಅವಳು ಅದನ್ನು ಬಿಡಿಸಲು ಹೇಳಿದಳು. ಹುಸೇನಬಾಷಾ ಗುಂಡಿ ಒತ್ತಿದ್ದೇ ತಡ, ನದಿಯ ಮೊರೆತ ಪಡಸಾಲೆಯನ್ನು ತುಂಬಿತು. ಚಕ್ರದ ಕೆಳಗೆ ಖಡಿ ಕರಕರ ಅಂದಿತು. ಇಷ್ಟು ದಿನ ಗೋಡೆಯಾಚೆ ಇಂಥದೊಂದು ನೀರು ಹರಿಯುತ್ತಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಮೈಯೆಲ್ಲ ತಂಪಾಯಿತು.

ಮುಂದೆ ದಾರಿ ಒಡೆಯಿತು. ಬಲಕ್ಕೆ ಆಣೆಕಟ್ಟು, ಎಡಕ್ಕೆ ಒಂದು ಕಟ್ಟಿಗೆಯ ಸೇತುವೆ. ಸೇತುವೆಯ ಮುಂದೆ, ಲಾರಿಯ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಫಲಕ ಇತ್ತು. ಆ ಫಲಕಕ್ಕೆ ಅಂಜಿ ದುರಗಪ್ಪ ಒಮ್ಮೆಯೂ ಎಡಕ್ಕೆ ಹೋದವನಲ್ಲ. ಪರ್ಮಿಟ್ ಇಲ್ಲ, ಪರದೇಶದ ಪೊಲೀಸರು ಹಿಡಿದರೆ ಬಿಡಿಸುವವರು ಯಾರು ಎಂದು ಅವನು ಹೇಳುತ್ತಲೇ ಇದ್ದ. ಅವಳು ಹ್ಯಾಂಡಲ್ಲಿನ ಎಡಗುಂಡಿ ಒತ್ತಿದಳು. ಹಲಗೆಗಳು ಢಣಢಣ ಅಂದವು. ಕಾಡು ಕತ್ತಲಾಯಿತು, ಬೆಳಕಾಯಿತು. ಕೊನೆಗೆ ಗುಡ್ಡಗಳೆಲ್ಲ ತಲೆಕೆಳಗಾಗಿ ನಿಂತಿದ್ದ ಒಂದು ದೊಡ್ಡ ಕೆರೆ ಬಂತು. ಮುಟ್ಟಿದಿರಿ ಎಂದು ಹೆಣ್ಣುದನಿ ಹೇಳಿತು. ನೀರು ಮಾತ್ರ ಟಿವಿಯಲ್ಲಿ ಮೆಲ್ಲಗೆ ಅಲ್ಲಾಡುತ್ತ ಉಳಿಯಿತು.

ಇನ್ನು ಗಾಡಿ ಹೊರಳಿಸಿಕೊಂಡು ಬಾ, ರೊಟ್ಟಿಗೆ ಹೊತ್ತಾಯಿತು ಎಂದ ದುರಗಪ್ಪ.

"ನಾ ಎರಡ ದಿನಾ ಇದ್ದ ಬರ್ತೇನ್ರಿ," ಎಂದಳು ಅವಳು.

ಅವಳು ಹಾಸಿಗೆ ತರಿಸಿಕೊಂಡು ಕೆರೆಯ ದಂಡೆಯಲ್ಲಿ ಉಳಿದಳು. ಗಂಡಸರಿಬ್ಬರೂ ಅಡಿಗೆಮನೆ ಸೇರಿದರು. ಹುಸೇನಬಾಷಾನಿಗೆ ದಾರಿಯಲ್ಲಿ ಸ್ಟೋ ಹಚ್ಚಿ ಅನ್ನ ಮಾಡಿ ರೂಢಿ ಇತ್ತು. ದುರಗಪ್ಪನಿಗೆ ಬರೀ ಉಣ್ಣುವ ರೂಢಿ. ಬೇಳೆ ತಳ ಹತ್ತಿತು. ಅವನು ಒಂದು ಸಲ ಪಡಸಾಲೆಯ ಬಾಗಿಲ ತನಕ ಬಂದು, ಒಳಗೆ ಕಾಲಿಡಲು ಧೈರ್ಯ ಸಾಲದೆ, ತಿರುಗಿ ಹೋಗಿ ಫೋನ್ ಮಾಡಿದ. ಬೆಲ್ಲ ಎಲ್ಲಿದೆ ಎಂದು ಕೇಳಿದ. ಮೇಲಿನ ಗೂಡಿನಲ್ಲಿ, ಹುಣಸೆಹಣ್ಣಿನ ಹಿಂದೆ ಎಂದು ಅವಳು ಹೇಳಿದಳು. ಇಲ್ಲಿ ಬೆಳಿಗ್ಗೆ ನೀರಿನ ಮೇಲೆ ಮಂಜು ಬೀಳುತ್ತದೆ ಎಂದೂ ಹೇಳಿದಳು. ಅವನು, ಹೊಚ್ಚಿಕೊಳ್ಳಲಿಕ್ಕೆ ಏನಾದರೂ ಒಯ್ದಿದ್ದೀಯಾ ಎಂದು ಕೇಳಿದ.

ಮಾತು ಕೊಟ್ಟಂತೆ ಅವಳು ಶುಕ್ರವಾರ ಸಂಜೆ ತಿರುಗಿ ಬಂದಳು. ದೂರದಿಂದ ಬಂದವರಂತೆ ಬಚ್ಚಲಲ್ಲಿ ಕಾಲು ತೊಳೆದುಕೊಂಡೇ ಅಡಿಗೆಮನೆಗೆ ಕಾಲಿಟ್ಟಳು. ತಳ ಹತ್ತಿದ ಪಾತ್ರೆ ನೋಡಿ ಬದಿಗೆ ಸರಿಸಿದಳು. ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯತೊಡಗಿದಳು. ಮೊದಲ ರೊಟ್ಟಿ ತಾಟಿಗೆ ಬಿದ್ದ ಮೇಲೆ ದುರಗಪ್ಪ, ಆ ಕಡೆಯ ರಸ್ತೆ ಹೇಗಿದೆ ಎಂದು ಕೇಳಿದ. ಸೇತುವೆ ದಾಟಿದ ಕೂಡಲೇ ಖಡಿ ಸಡಿಲಿದೆ, ಎರಡನೆಯ ತಿರುವಿನಲ್ಲಿ ಮಳೆನೀರು ಕೊರೆದಿದೆ, ಅದರಾಚೆ ಬದಿಗೆ ಕುಡಿಯುವ ನೀರಿನ ನಳ ಇದೆ ಎಂದು ಅವಳು ಹಿಟ್ಟು ತಟ್ಟುತ್ತಲೇ ಹೇಳಿದಳು. ಅವನು ತುತ್ತು ಕೈಯಲ್ಲೇ ಹಿಡಿದು ಎಲ್ಲವನ್ನೂ ಕೇಳಿದ. ಹುಸೇನಬಾಷಾ ನಡುನಡುವೆ ಹೂಂಗುಟ್ಟಿದ.

"ಆ ಕಟಗಿ ಸೇತುವಿ ಮ್ಯಾಲ ಲಾರಿ ಹೋದೀತೇನು?" ಎಂದು ದುರಗಪ್ಪ ಕೇಳಿದ.

ಶೇವಂತೆವ್ವ ಕೈ ನಿಲ್ಲಿಸಿ ವಿಚಾರ ಮಾಡಿದಳು.

"ಹೋಗಂಗಿಲ್ಲರಿ."

"ಎರಡೂ ಬಾಜೂದ ಕನ್ನಡಿ ಮಡಚಿದ್ರ?"

"ಮಡಚಿದ್ರೂ ಹೋಗಂಗಿಲ್ಲ," ಎಂದು ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.