ಲಾರಿಗೂ ರೋಬೋಟಿಗೂ ನಡುವೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ರೋಬೋಟಿನ ತಲೆಯಿಂದಲೋ, ಲಾರಿಯ ಚಕ್ರದಿಂದಲೋ? ನನ್ನಂಥ ಕಥೆಗಾರನಿಗೆ ಇದೊಂದು ಪ್ರಶ್ನೆಯೇ ಅಲ್ಲ. ನನ್ನ ಮೊದಲ ವಾಕ್ಯ ಕೇಳಿಯೇ ಊರಿಗೆ ಊರೇ ಎದ್ದು ನಿಂತದ್ದುಂಟು. (ಸಾಕ್ಷಿ ಕೇಳಬೇಡಿ.) ಆದರೂ ಈ ಸಲ ಒಂದು ಗಾಡಿ ತುಂಬುವಷ್ಟು ಆರಂಭಗಳನ್ನು ಬರೆದು ಹರಿದೆ. ಹೋಗಲಿ, ಮುರುಕಮ್ಮನಿಂದಲೇ ಶುರು ಮಾಡೋಣ.

೨

ಮುರುಕಮ್ಮ ಎಂಬುದು ಆಟಿಕೆ ಕಾರ್ಖಾನೆಯವರು ಅವಳಿಗಿಟ್ಟ ಅಡ್ಡಹೆಸರು. ಹೊಸ ಆಟಿಕೆಯ ಡಿಸೈನು ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅವಳು ಒಪ್ಪದೆ ಏನೂ ಅಚ್ಚಿಗೆ ಹೋಗುವುದಿಲ್ಲ. ಅವಳ ಕಣ್ಣು ಬಿದ್ದರೆ ಕಬ್ಬಿಣದ ಆನೆಯೂ ಸೊಂಡಿಲು ಉದುರಿಸುತ್ತದೆ. (ಉತ್ಪ್ರೇಕ್ಷೆ. ಉದುರಿದ್ದು ಬಾಲ ಮಾತ್ರ.)

ಇವತ್ತು ಅವಳ ಮೇಜಿನ ಮೇಲೆ ಅಂಗೈಯಷ್ಟು ದೊಡ್ಡ ಲಾರಿ. ಎದುರಿಗೆ ಅದನ್ನು ರೂಪಿಸಿದವನು, ಅವಳ ಸ್ವಂತ ತಮ್ಮ. ಇದು ಒಪ್ಪಿಗೆಯಾದರೆ ಅವನ ಮೊದಲ ರೋಬೋಟ್. ಇಲ್ಲವಾದರೆ ಅವನು ಮತ್ತೆ ಗಿಲಕಿ ವಿಭಾಗಕ್ಕೆ ಎಂದು ಯಜಮಾನರು ಹೇಳಿಯಾಗಿದೆ.

"ನೋಡ್ತಿರು ಅಕ್ಕ," ಎಂದ ತಮ್ಮ. ಟಕ್, ಟಕ್, ಸರ್ರ್! ಲಾರಿಯ ಮೂತಿ ತೆರೆದು ಮೊದಲು ತಲೆ ಬಂತು, ಬಾಗಿಲುಗಳು ತೋಳಾದವು, ಹಿಂಭಾಗ ಸೀಳಿ ಕಾಲಾಯಿತು. ಕಣ್ಣು ಮಿಟುಕಿಸುವುದರೊಳಗೆ ಒಬ್ಬ ವೀರ ಎದೆಯುಬ್ಬಿಸಿ ನಿಂತಿದ್ದ.

"ಹೇಗಿದೆ?"

"ಹೊಟ್ಟೆಕಿಚ್ಚಾಗೋ ಹಾಗಿದೆ ಕಣೋ. ಮುಖದಲ್ಲಿ ಥೇಟ್ ನಿನ್ನ ಮೊಂಡುತನ."

೩

ಅವನು ಮತ್ತೆ ಲಾರಿಯಾಗಿಸಿ ಕೊಟ್ಟ. ಅವಳು ತಿರುಗಿಸತೊಡಗಿದಳು. ತಲೆ ಬಂತು. ಒಂದು ತೋಳು ಬಂತು. ಅಷ್ಟಕ್ಕೇ ಅದನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋದಳು.

ಇದು ಅವಳ ಪದ್ಧತಿ. ಅಮ್ಮ ಊಟಕ್ಕೆ ಕರೆದರೆ ಮಗು ಆಟಿಕೆಯನ್ನು ಇದ್ದ ಹಾಗೇ ಬಿಟ್ಟು ಓಡುತ್ತದೆ. ಪ್ರತಿ ಹಂತದಲ್ಲೂ ಅವಳು ಹಾಗೆಯೇ ಬಿಟ್ಟು ಓಡುತ್ತಾಳೆ.

ಬೆನ್ನ ಹಿಂದೆ ಸದ್ದಾಯಿತು. ತಲೆಭಾರಕ್ಕೆ ಮಗುಚಿದ ರೋಬೋಟ್ ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದಿತ್ತು. ಕತ್ತು ಮುರಿದಿತ್ತು.

"ಅಯ್ಯೋ, ಯಾರಾದ್ರೂ ಅಲ್ಲಿ ನಿಲ್ಲಿಸ್ತಾರೇನೇ?"

"ನೀನು ಒಂದು ಸಲಾನೂ ನಿಲ್ಲಿಸಿ ನೋಡಿಲ್ವಾ?"

"ಯಾಕೆ ನಿಲ್ಲಿಸ್ಲಿ? ನನ್ನ ಕೈಗೆ ಅದು ಬಾಯಿಪಾಠ."

"ಅದೇ ಆಗಿದ್ದು. ನೀನು ಲಾರಿ ನೋಡಿದೀಯ, ರೋಬೋಟ್ ನೋಡಿದೀಯ. ಮಕ್ಕಳು ಬಹಳ ಹೊತ್ತು ಇರೋದು ನಡುವೆ ಕಣೋ. ಕಾಲು ಮೊದಲು ಬರ್ಲಿ, ತಲೆ ಕೊನೆಗೆ."

"ಇಡೀ ಮೈ ಬಿಚ್ಚಿ ಕಟ್ಟಬೇಕಾಗುತ್ತೆ. ಅದೂ ಇರ್ಲಿ, ಮೊದಲು ಮುಖ ಕಂಡ್ರೆ ತಾನೇ ಮಗು ಮುಂದಕ್ಕೆ ತಿರುಗಿಸೋದು? ಬರೀ ಕಾಲು ನೋಡ್ಕೊಂಡು ಯಾರೇ ಕಾಯ್ತಾರೆ?"

ಅವನು ಹೇಳಿದ್ದು ತಪ್ಪಲ್ಲ ಎಂಬುದೇ ಮುರುಕಮ್ಮನ ಕಷ್ಟ.

೪ (ಮುಕ್ತಾಯ, ಒಂದನೆಯದು)

ಅಕ್ಕನ ಕರುಳು ಚುರುಕ್ಕೆಂದಿತು. ಒಪ್ಪಿಗೆ ಕೊಟ್ಟಳು.

"ರೀ ಕಥೆಗಾರರೇ," ಎಂದು ಮುರುಕಮ್ಮ ನನ್ನತ್ತ ತಿರುಗಿದಳು. "ತಂದ ದಿನಾನೇ ಮುರಿದ್ಯಾ ಅಂತ ಯಾವುದೋ ಮನೇಲಿ ಮಗು ಏಟು ತಿನ್ನುತ್ತೆ. ತಪ್ಪು ಮಾಡಿದ್ದು ನಾವು. ಆ ಪ್ಯಾರಾನೂ ನೀವೇ ಬರೀತೀರಾ?"

ಆ ಮುಕ್ತಾಯವನ್ನು ಹೊಡೆದುಹಾಕಿದೆ.

೫ (ಎರಡನೆಯದು)

ಅವಳು ತಿರಸ್ಕರಿಸಿದಳು. ತಮ್ಮನ ಕಣ್ಣೀರಿಗೆ ಕಾರ್ಖಾನೆಯೇ ತೇಲಿ...

"ನಾನೆಲ್ಲಿ ಅತ್ತಿದೀನಿ?" ಎಂದು ತಮ್ಮ ರೇಗಿದ. "ಮೂಗು ಸೋರ್ತಿದ್ರೆ ಅದು ನೆಗಡಿ ಸ್ವಾಮಿ. ನಿಮ್ಮ ಸಾಹಿತ್ಯಕ್ಕೆ ನನ್ನ ಕಣ್ಣೀರೇ ಬೇಕಿತ್ತಾ?"

ಅದನ್ನೂ ಹೊಡೆದೆ. (ಮೂರನೆಯದರಲ್ಲಿ ಭೂಕಂಪವಿತ್ತು. ಅಕ್ಕ ತಮ್ಮ ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ ಭೂಮಿಯನ್ನು ನಾನೇ ಹಿಡಿದು ನಿಲ್ಲಿಸಿದೆ.)

೭ (ಆರನ್ನು ಹುಡುಕಬೇಡಿ, ಅದರಲ್ಲಿ ಬರೀ ನನ್ನ ಹೊಗಳಿಕೆಯಿತ್ತು)

ತಮ್ಮ ಚೀಲದಿಂದ ಇನ್ನೊಂದು ಲಾರಿ ತೆಗೆದ. ಬೆರಳುಗಳು ರೂಢಿಯಂತೆ ಹರಿಯತೊಡಗಿದವು. ತಲೆ ಬಂತು, ಒಂದು ತೋಳು ಬಂತು. ಅಲ್ಲಿ ತಡೆದ.

ಅದೀಗ ಲಾರಿಯಲ್ಲ, ವೀರನೂ ಅಲ್ಲ. ಭುಜದ ಮೇಲೆ ಚಕ್ರ ಹೊತ್ತು, ಪಕ್ಕೆಗೆ ಬಾಗಿಲು ಅಂಟಿಸಿಕೊಂಡು, ಅರ್ಧ ಎದ್ದ ಒಂದು ಜೀವ.

"ಯಾರೇ ಇದು?" ಎಂದ ಮೆಲ್ಲಗೆ.

"ನೀನೇ ಮಾಡಿದ್ದು. ಈಗ ಗುರುತು ಮಾಡ್ಕೋ."

ಅವನು ಬಹಳ ಹೊತ್ತು ನೋಡಿದ. ಆಮೇಲೆ, ಇನ್ನೂ ತೋಳಾಗದ ಆ ಬಾಗಿಲನ್ನು ಊರುಗೋಲಿನಂತೆ ಕೆಳಕ್ಕೆ ಬಾಗಿಸಿ ಮೇಜಿಗೆ ಊರಿದ. ಇದು ಅಕ್ಕ ಹೇಳಿದ್ದೂ ಅಲ್ಲ, ಅವನು ಅಂದುಕೊಂಡಿದ್ದೂ ಅಲ್ಲ. (ನನಗಂತೂ ಹೊಳೆದೇ ಇರಲಿಲ್ಲ.)

"ಕೈ ಬಿಡು," ಎಂದಳು ಮುರುಕಮ್ಮ.

"ಬಿಡ್ತೀನಿ, ತಾಳೇ."

ಒಂದೊಂದೇ ಬೆರಳು ಬಿಡುತ್ತಿದ್ದಾನೆ. ಪರ್ವತಗಳನ್ನೇ ಕಿತ್ತು ಬೇರೆ ಕಡೆ ಇಟ್ಟ ಪೆನ್ನು ನನ್ನದು; ಈ ಅಂಗೈಯಗಲದ ಆಟಿಕೆಯನ್ನು ನಿಲ್ಲಿಸುವುದು ಯಾವ ಮಹಾ? ಆದರೆ ನಾನು ನಿಲ್ಲಿಸಿದರೆ ಅದು ನನ್ನ ಕೈ ಹಿಡಿದು ನಿಂತಂತೆ. ಮುರುಕಮ್ಮ ಅಂಥದ್ದನ್ನು ಒಪ್ಪುವವಳಲ್ಲ.

ಪೆನ್ನು ಕೆಳಗಿಟ್ಟಿದ್ದೇನೆ. ಅವನ ಕಿರುಬೆರಳು ಇನ್ನೂ ತಾಗಿಕೊಂಡಿದೆ.